ಬಿ ಫಾರಂ ಯಾರಿಗೆ? ಮತದಾರನಿಗೆ ಮತವಿಲ್ಲದ ಮೊದಲ ಚುನಾವಣೆ

ನಂಜನಗೂಡು: ಮೈಸೂರು-ಚಾಮರಾಜನಗರ ರೈಲು ಮಾರ್ಗದಲ್ಲಿ ನಂಜನಗೂಡು ದಾಟಿದ ಮೇಲೆ ಸಿಗುವ ಕವಲಂದೆ, ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಚುನಾವಣೆ ಘೋಷಣೆಯಾಗುವ ಮುನ್ನವೇ ಇಂತಹ ಊರುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪಕ್ಷ ಯಾವುದೆಂಬುದು ಅನೇಕರಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಉಳಿಯುವುದು, ಆ ಪಕ್ಷದಿಂದ ಯಾರು ನಿಲ್ಲಬೇಕು ಎಂಬುದು. ಪಕ್ಷದ ಸಿದ್ಧಾಂತವನ್ನು ಅರೆದು ಕುಡಿದವರೇ, ಅಥವಾ ಎಲ್ಲ ಕೋಮಿನವರಿಗೂ ಒಪ್ಪಿಗೆಯಾಗಿ ನಾಲ್ಕು ಮತ ಹೆಚ್ಚು ತರಬಲ್ಲ ಸೌಮ್ಯ ಮುಖದವರೇ?

ಸಂಪ್ರದಾಯನಿಷ್ಠ ಮತದಾರರನ್ನು ಕಾಡುವ ಈ ಪ್ರಶ್ನೆ ನಂಜನಗೂಡಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಇದಕ್ಕೆ ಉತ್ತರಿಸಲೆಂದೇ ಪ್ರತ್ಯೇಕ ಚುನಾವಣೆ ನಡೆಯುತ್ತದೆ. ನಮ್ಮಲ್ಲಿ ಚರ್ಚೆ ಇದೆ, ಮತಪೆಟ್ಟಿಗೆ ಇಲ್ಲ. ಆ ಕೊರತೆಯ ಪರಿಣಾಮ ಏನಾಗುತ್ತದೆ ಎಂಬುದಕ್ಕೆ ನಂಜನಗೂಡು ಮತ್ತು ಅದರ ನೆರೆಯ ವರುಣಾ ಕ್ಷೇತ್ರಗಳ ಇತ್ತೀಚಿನ ಇತಿಹಾಸವೇ ಸಾಕ್ಷಿ.

ಪ್ರೈಮರಿ ಎಂದರೇನು?

ಅಮೆರಿಕದ ರಾಜ್ಯಗಳಲ್ಲಿ ಮುಖ್ಯ ಚುನಾವಣೆಗೆ ಕೆಲವು ತಿಂಗಳು ಮೊದಲು ಪ್ರತಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಪ್ರಾಥಮಿಕ ಚುನಾವಣೆ, ಅಂದರೆ ‘ಪ್ರೈಮರಿ’ ನಡೆಯುತ್ತದೆ. ಕೆಲವು ರಾಜ್ಯಗಳಲ್ಲಿ ಆಯಾ ಪಕ್ಷದವರೆಂದು ಹೆಸರು ನೋಂದಾಯಿಸಿಕೊಂಡವರು ಮಾತ್ರ ಮತ ಹಾಕಬಹುದು. ಇನ್ನು ಕೆಲವೆಡೆ ಯಾವ ಮತದಾರನೂ ಭಾಗವಹಿಸಬಹುದು. ಅಲ್ಲಿನ ಸಂಪ್ರದಾಯವಾದಿ ಚಿಂತಕ ವಿಲಿಯಂ ಬಕ್ಲಿ 1967ರಲ್ಲಿ ಒಂದು ಸೂತ್ರ ಹೇಳಿದ್ದರು. ಗೆಲ್ಲಬಲ್ಲವರ ಪೈಕಿ ಯಾರು ಹೆಚ್ಚು ಸಿದ್ಧಾಂತನಿಷ್ಠರೋ ಅವರನ್ನು ಬೆಂಬಲಿಸಬೇಕು ಎಂಬುದು ಅದರ ತಾತ್ಪರ್ಯ.

ಸೂತ್ರ ಸರಳ, ಪಾಲನೆ ಕಷ್ಟ. 2010ರಲ್ಲಿ ಡೆಲವೇರ್ ರಾಜ್ಯದ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದಿಂದ ಇಬ್ಬರು ಮುಂದೆ ಬಂದರು. ಮೈಕ್ ಕ್ಯಾಸಲ್ ಮಾಜಿ ಗವರ್ನರ್, ಹಾಲಿ ಸಂಸದ, ಸೌಮ್ಯವಾದಿ ಎಂದು ಹೆಸರಾದವರು. ಕ್ರಿಸ್ಟೀನ್ ಒಡಾನೆಲ್ ಕಟ್ಟಾ ಸಂಪ್ರದಾಯವಾದಿಗಳ ಆಯ್ಕೆ. ಪ್ರೈಮರಿಯಲ್ಲಿ ಒಡಾನೆಲ್ ಗೆದ್ದರು. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಕೂನ್ಸ್ ಎದುರು ದೊಡ್ಡ ಅಂತರದಿಂದ ಸೋತರು. ಪಕ್ಷದ ಮತದಾರರು ತಾವೇ ಆರಿಸಿದರು, ಅದರ ಫಲವನ್ನೂ ತಾವೇ ಉಂಡರು. ದೂರಲು ಹೈಕಮಾಂಡ್ ಇರಲಿಲ್ಲ.

ಮಧ್ಯಾಹ್ನ ಮೂರು ಗಂಟೆಯ ಕಾಗದ

ನಮ್ಮಲ್ಲಿ ಅಭ್ಯರ್ಥಿಯ ಹಣೆಬರಹ ಬರೆಯುವುದು ‘ಬಿ ಫಾರಂ’. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಪಕ್ಷದ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬುದನ್ನು ‘ಎ ಫಾರಂ’ ತಿಳಿಸುತ್ತದೆ. ಆ ಅಧಿಕಾರಿ ಸಹಿ ಮಾಡಿ, ಇಂಥವರೇ ನಮ್ಮ ಅಭ್ಯರ್ಥಿ ಎಂದು ಕೊಡುವುದು ‘ಬಿ ಫಾರಂ’. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. ಕೊಟ್ಟ ಫಾರಂ ಅನ್ನು ಆ ಗಡುವಿನೊಳಗೆ ರದ್ದುಪಡಿಸಿ ಬೇರೊಬ್ಬರಿಗೆ ಕೊಡಲೂ ಅವಕಾಶವಿದೆ. ಕೊನೆಯ ದಿನದವರೆಗೂ ಆಕಾಂಕ್ಷಿಗಳು ಬೆಂಗಳೂರು, ದೆಹಲಿ ಎಂದು ಓಡಾಡುವುದು ಇದೇ ಕಾರಣಕ್ಕೆ.

ಆ ಸಹಿಯ ಹಿಂದೆ ಯಾರ ಅಭಿಪ್ರಾಯ ಇರಬೇಕು ಎಂಬುದನ್ನು ಕಾನೂನು ಹೇಳುವುದಿಲ್ಲ. ಪಕ್ಷಗಳ ನೋಂದಣಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮು ಇದೆ. ಪಕ್ಷ ತನ್ನ ಅಭ್ಯರ್ಥಿಯನ್ನು ಸದಸ್ಯರ ಮತದಿಂದಲೇ ಆರಿಸಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಪಕ್ಷಗಳೊಳಗೆ ಪ್ರಜಾಪ್ರಭುತ್ವ ಇರಬೇಕೆಂದು ಕಾನೂನು ಆಯೋಗ 1999ರಲ್ಲಿ ತನ್ನ 170ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಆ ಶಿಫಾರಸು ಶಾಸನವಾಗಲಿಲ್ಲ.

ಉಪಚುನಾವಣೆ ಕಲಿಸಿದ ಪಾಠ

ಕ್ಷೇತ್ರ ಪುನರ್‌ವಿಂಗಡಣೆಯ ನಂತರ, 2008ರಿಂದ ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ರಾಜ್ಯದಲ್ಲಿ ಬಿಜೆಪಿಯ ಮುಖ್ಯ ಆಧಾರವೆನಿಸಿದ ಲಿಂಗಾಯತ ಸಮುದಾಯ ಇಲ್ಲಿ ಗಣನೀಯವಾಗಿದೆ. ಹೀಗಾಗಿ ಪಕ್ಷದ ಬೇರುಮಟ್ಟದ ಮತದಾರರಲ್ಲಿ ಬಹುಪಾಲು ಜನ ಒಂದು ಸಮುದಾಯದವರು, ಅಭ್ಯರ್ಥಿ ಇನ್ನೊಂದು ಸಮುದಾಯದವರು. ‘ನಮ್ಮವರು’ ಎಂಬ ಮಾತಿಗೆ ಜಾತಿಯ ಅರ್ಥ ಇಲ್ಲಿ ಸಾಲದು. ಪಕ್ಷನಿಷ್ಠೆ, ನಡವಳಿಕೆ, ಊರಿಗೆ ಬಂದು ಹೋಗುವ ಅಭ್ಯಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕಾಂಗ್ರೆಸ್‌ನಿಂದ 2008 ಮತ್ತು 2013ರಲ್ಲಿ ಗೆದ್ದಿದ್ದ ವಿ. ಶ್ರೀನಿವಾಸಪ್ರಸಾದ್ ಅವರನ್ನು 2016ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟದಿಂದ ಕೈಬಿಟ್ಟರು. ಪ್ರಸಾದ್ ಅಕ್ಟೋಬರ್‌ನಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ನೀಡಿ, 2017ರ ಜನವರಿಯಲ್ಲಿ ಬಿಜೆಪಿ ಸೇರಿದರು. ಏಪ್ರಿಲ್‌ನ ಉಪಚುನಾವಣೆಯಲ್ಲಿ ಅವರೇ ಬಿಜೆಪಿ ಅಭ್ಯರ್ಥಿ. ಕಾಂಗ್ರೆಸ್, ಹಿಂದೆ ಜೆಡಿಎಸ್‌ನಿಂದ ಪ್ರಸಾದ್ ವಿರುದ್ಧವೇ ಸ್ಪರ್ಧಿಸಿ ಸೋತಿದ್ದ ಕಳಲೆ ಕೇಶವಮೂರ್ತಿ ಅವರನ್ನು ಕರೆತಂದು ಟಿಕೆಟ್ ಕೊಟ್ಟಿತು. ಎರಡೂ ರಾಷ್ಟ್ರೀಯ ಪಕ್ಷಗಳ ಹುರಿಯಾಳುಗಳು ಆಗಷ್ಟೇ ಹೊರಗಿನಿಂದ ಬಂದವರಾಗಿದ್ದರು. ವರ್ಷಗಟ್ಟಲೆ ಬಾವುಟ ಕಟ್ಟಿದ ಕಾರ್ಯಕರ್ತರನ್ನು ಮತ ಹಾಕಿ ಹೇಳಿ ಎಂದು ಯಾವ ಪಕ್ಷವೂ ಕೇಳಲಿಲ್ಲ.

ಪ್ರಸಾದ್ ದಲಿತ ಚಳವಳಿ ಮತ್ತು ಜನತಾ ಪರಂಪರೆಯ ನಂಟಿದ್ದ ನಾಯಕರು. ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾಗಿದ್ದವರು. ಸಾಂಪ್ರದಾಯಿಕ ಬಿಜೆಪಿ ಮತಕ್ಕೆ ಅವರ ವೈಯಕ್ತಿಕ ಮತ ಸೇರಿದರೆ ಗೆಲುವು ಖಚಿತ ಎಂಬುದು ಲೆಕ್ಕಾಚಾರ. ಫಲಿತಾಂಶ ಬೇರೆಯಾಯಿತು. ಕೇಶವಮೂರ್ತಿ 86,212 ಮತ ಪಡೆದರೆ, ಪ್ರಸಾದ್ ಅವರಿಗೆ ಬಂದದ್ದು 64,878. ಅಂತರ 21,334.

ಹಾಗೆಂದು ಹೊರಗಿನಿಂದ ಬಂದ ಸೌಮ್ಯ ಅಭ್ಯರ್ಥಿ ಗೆಲ್ಲುವುದಿಲ್ಲ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಮರುವರ್ಷವೇ, 2018ರಲ್ಲಿ, ಪ್ರಸಾದ್ ಅವರ ಅಳಿಯ ಬಿ. ಹರ್ಷವರ್ಧನ್ ಬಿಜೆಪಿಯಿಂದ ನಿಂತು ಅದೇ ಕೇಶವಮೂರ್ತಿ ಅವರನ್ನು 12 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 2019ರಲ್ಲಿ ಸ್ವತಃ ಪ್ರಸಾದ್ ಚಾಮರಾಜನಗರ ಲೋಕಸಭಾ ಕ್ಷೇತ್ರವನ್ನು 1,817 ಮತಗಳ ಕೂದಲೆಳೆ ಅಂತರದಲ್ಲಿ ಗೆದ್ದುಕೊಟ್ಟರು. ಆದರೆ 2023ರಲ್ಲಿ ಹರ್ಷವರ್ಧನ್, ತಂದೆ ಆರ್. ಧ್ರುವನಾರಾಯಣ ಅವರನ್ನು ಆಗಷ್ಟೇ ಕಳೆದುಕೊಂಡಿದ್ದ ಕಾಂಗ್ರೆಸ್‌ನ ದರ್ಶನ್ ಎದುರು 47,607 ಮತಗಳಿಂದ ಸೋತರು. 2017 ಮತ್ತು 2023ರಲ್ಲಿ ಜೆಡಿಎಸ್ ಅಭ್ಯರ್ಥಿ ಹಾಕಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಈ ಅಂಕಿಗಳಿಂದ ನಿಷ್ಠರ ವಾದವೂ ಸಾಬೀತಾಗದು, ಸೌಮ್ಯರ ವಾದವೂ ಸಾಬೀತಾಗದು. ಪಕ್ಷದ ಮತದಾರರ ಒಲವು ಎತ್ತ ಇತ್ತು ಎಂಬುದನ್ನು ಅಳೆಯುವ ಕೋಲೇ ನಮ್ಮಲ್ಲಿಲ್ಲ.

ಲಾಠಿ ಬೀಸಿದ ದಿನ

ಅಳೆಯುವ ಕೋಲಿಲ್ಲದಾಗ ಅಸಮಾಧಾನ ಬೀದಿಗೆ ಬರುತ್ತದೆ. ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳನ್ನೂ ಒಳಗೊಂಡ ವರುಣಾ ಕ್ಷೇತ್ರದಲ್ಲಿ 2018ರಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ಪುತ್ರ ಬಿ.ವೈ. ವಿಜಯೇಂದ್ರ ವಾರಗಟ್ಟಲೆ ಪ್ರಚಾರ ನಡೆಸಿದ್ದರು. ನಾಮಪತ್ರ ಸಲ್ಲಿಕೆಗೆ ಒಂದು ದಿನ ಬಾಕಿ ಇರುವಾಗ, ಏಪ್ರಿಲ್ 23ರಂದು, ನಂಜನಗೂಡಿನ ಸಭೆಯಲ್ಲಿ ಯಡಿಯೂರಪ್ಪ ಅವರೇ ಮಗ ಸ್ಪರ್ಧಿಸುವುದಿಲ್ಲ, ಸಾಮಾನ್ಯ ಕಾರ್ಯಕರ್ತರೊಬ್ಬರು ನಿಲ್ಲುತ್ತಾರೆ ಎಂದು ಪ್ರಕಟಿಸಿದರು. ಸಭೆ ರಣರಂಗವಾಯಿತು. ಕುರ್ಚಿಗಳು ಹಾರಿದವು, ಪೊಲೀಸರು ಲಾಠಿ ಬೀಸಿದರು.

ಅಭ್ಯರ್ಥಿಯಾದ ತೋಟದಪ್ಪ ಬಸವರಾಜು, ಸಿದ್ದರಾಮಯ್ಯ ಅವರ ಪುತ್ರ ಡಾ. ಯತೀಂದ್ರ ಎದುರು 58,616 ಮತಗಳಿಂದ ಸೋತರು. ವಿಜಯೇಂದ್ರ ನಿಂತಿದ್ದರೆ ಗೆಲ್ಲುತ್ತಿದ್ದರೇ ಎಂಬುದು ಊಹೆಯ ಮಾತು. ಕುಟುಂಬ ರಾಜಕಾರಣ ಬೇಡವೆಂಬುದು ವರಿಷ್ಠರ ನಿಲುವಾಗಿದ್ದಿರಬಹುದು; ಅದು ತಪ್ಪೆಂದೂ ಹೇಳಲಾಗದು. ಆದರೆ ಅದೇ ವಿಜಯೇಂದ್ರ 2023ರಲ್ಲಿ ತಂದೆಯ ಕ್ಷೇತ್ರ ಶಿಕಾರಿಪುರದಿಂದ ಶಾಸಕರಾದರು, ಅದೇ ವರ್ಷದ ನವೆಂಬರ್‌ನಲ್ಲಿ ಪಕ್ಷದ ರಾಜ್ಯಾಧ್ಯಕ್ಷರಾಗಿ ನೇಮಕಗೊಂಡರು. ನಿಯಮ ಬದಲಾದುದಕ್ಕೆ ಕಾರಣವೇನೆಂಬುದನ್ನು ಅಂದು ಲಾಠಿ ಏಟು ತಿಂದವರಿಗೆ ಬಿಡಿಸಿ ಹೇಳುವ ಗೋಜಿಗೆ ಪಕ್ಷ ಹೋಗಲಿಲ್ಲ.

ಪುತ್ತೂರಿನ ಕೂಡುವ ಲೆಕ್ಕ

ನಿಷ್ಠರು ಮತ್ತು ಸೌಮ್ಯರ ನಡುವಿನ ಈ ವಾದ ಅತ್ಯಂತ ನಿಚ್ಚಳವಾಗಿ ಕಂಡದ್ದು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ, ಹಾಲಿ ಶಾಸಕ ಸಂಜೀವ ಮಠಂದೂರು ಅವರನ್ನು ಬಿಟ್ಟು ಜಿಲ್ಲಾ ಪಂಚಾಯಿತಿ ಮಾಜಿ ಅಧ್ಯಕ್ಷೆ ಆಶಾ ತಿಮ್ಮಪ್ಪ ಗೌಡ ಅವರಿಗೆ ಟಿಕೆಟ್ ನೀಡಿತು. ಹಿಂದುತ್ವ ಕಾರ್ಯಕರ್ತರಲ್ಲಿ ಒಂದು ವರ್ಗ ಇದನ್ನು ಒಪ್ಪಲಿಲ್ಲ. ಅವರ ಬೆಂಬಲದಿಂದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ಕಣಕ್ಕಿಳಿದರು.

ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ 66,607 ಮತ ಪಡೆದು ಗೆದ್ದರು. ಪುತ್ತಿಲ ಅವರಿಗೆ 62,458, ಅಧಿಕೃತ ಬಿಜೆಪಿ ಅಭ್ಯರ್ಥಿಗೆ 37,558. ಸೋತ ಇಬ್ಬರ ಮತ ಕೂಡಿದರೆ ಒಂದು ಲಕ್ಷ ದಾಟುತ್ತದೆ. ಅಮೆರಿಕದಲ್ಲಾಗಿದ್ದರೆ ಪ್ರೈಮರಿಯಲ್ಲಿ ಮುಗಿಯಬಹುದಾಗಿದ್ದ ಜಗಳ ಇಲ್ಲಿ ಮುಖ್ಯ ಚುನಾವಣೆಯ ದಿನವೇ ನಡೆಯಿತು. ಲಾಭ ಮೂರನೆಯವರಿಗೆ ಆಯಿತು. 2024ರ ಲೋಕಸಭಾ ಚುನಾವಣೆಗೆ ಮುನ್ನ ಪುತ್ತಿಲ ಬಿಜೆಪಿ ಸೇರಿದರು.

ಸೌಮ್ಯರ ಕಡೆಯ ಬಂಡಾಯವೂ ಅದೇ ವರ್ಷ ನಡೆಯಿತು. ಮೃದು ಸ್ವಭಾವಕ್ಕೆ ಹೆಸರಾದ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರಿಗೆ ಟಿಕೆಟ್ ತಪ್ಪಿ, ಅವರು ಕಾಂಗ್ರೆಸ್ ಸೇರಿದರು. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದಲ್ಲಿ ಬಿಜೆಪಿಯ ಮಹೇಶ ಟೆಂಗಿನಕಾಯಿ ಎದುರು ಸೋತು, 2024ರ ಜನವರಿಯಲ್ಲಿ ಮರಳಿ ಬಿಜೆಪಿಗೆ ಬಂದರು. ಅಲ್ಲಿನ ಮತದಾರರು ವ್ಯಕ್ತಿಗಿಂತ ಪಕ್ಷವನ್ನು ಆರಿಸಿಕೊಂಡರು. ಪುತ್ತೂರಿನವರು ಪಕ್ಷಕ್ಕಿಂತ ವ್ಯಕ್ತಿಯನ್ನು. ಒಂದೇ ಪಕ್ಷದ ಬೆಂಬಲಿಗರು ಒಂದೇ ದಿನ ಕೊಟ್ಟ ಎರಡು ಉತ್ತರಗಳಿವು.

ಪ್ರಯೋಗಗಳು ನಡೆದಿಲ್ಲವೇ?

ನಡೆದಿವೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ಅವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಕೆಲವು ಆಯ್ದ ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಹಾಗೂ ದಕ್ಷಿಣ ಕನ್ನಡ ಆಯ್ಕೆಯಾಗಿದ್ದವು. ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಈ ಮಾರ್ಗದಿಂದ ಅಭ್ಯರ್ಥಿಗಳಾಗಿ, ಕ್ರಮವಾಗಿ ಡಿ.ವಿ. ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಎದುರು ಸೋತರು. ಅಲ್ಲಿ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳೇ ಹೊರತು ಸಾಮಾನ್ಯ ಬೆಂಬಲಿಗರಲ್ಲ.

ಬಿಜೆಪಿಯೂ 2023ರ ಮಾರ್ಚ್ 31ರಂದು ರಾಜ್ಯದಲ್ಲಿ ಆಂತರಿಕ ಮತದಾನ ನಡೆಸಿತು. ಪ್ರತಿ ಕ್ಷೇತ್ರಕ್ಕೆ ಮೂರು ಹೆಸರು ಸೂಚಿಸುವಂತೆ ಪದಾಧಿಕಾರಿಗಳನ್ನು ಗುಪ್ತ ಮತದ ಮೂಲಕ ಕೇಳಲಾಯಿತು. ಅಂತಿಮ ನಿರ್ಧಾರ ಮಾತ್ರ ದೆಹಲಿಯ ಕೇಂದ್ರೀಯ ಚುನಾವಣಾ ಸಮಿತಿಯದು. ಏಪ್ರಿಲ್ 11ರಂದು ಹೊರಬಿದ್ದ 189 ಹೆಸರುಗಳ ಮೊದಲ ಪಟ್ಟಿಯಲ್ಲಿ 52 ಹೊಸ ಮುಖಗಳಿದ್ದವು. ಪುತ್ತೂರಿನ ಬಂಡಾಯ, ಶೆಟ್ಟರ್ ನಿರ್ಗಮನ ಎರಡೂ ಈ ಮತದಾನದ ನಂತರವೇ ಸಂಭವಿಸಿದವು ಎಂಬುದು ಗಮನಾರ್ಹ. ಸಲಹೆ ಕೇಳುವುದಕ್ಕೂ ತೀರ್ಪಿಗೆ ಬದ್ಧವಾಗುವುದಕ್ಕೂ ಇರುವ ವ್ಯತ್ಯಾಸ ಇದು.

ಎರಡು ವಾದಗಳು

ಪ್ರೈಮರಿ ಬೇಡವೆನ್ನುವವರಲ್ಲೂ ಹುರುಳಿದೆ. ಎರಡು ಬಾರಿ ಪ್ರಚಾರವೆಂದರೆ ಎರಡು ಬಾರಿ ಖರ್ಚು. ಹಣವಂತ ಆಕಾಂಕ್ಷಿ ಸದಸ್ಯತ್ವವನ್ನೇ ಸಗಟಾಗಿ ಕೊಂಡುಬಿಡಬಹುದು. ಮೀಸಲು ಕ್ಷೇತ್ರಗಳಲ್ಲಿ, ಮಹಿಳೆಯರ ವಿಷಯದಲ್ಲಿ, ಸ್ಥಳೀಯ ಬಹುಸಂಖ್ಯಾತರು ಒಪ್ಪದವರಿಗೂ ವರಿಷ್ಠರು ಅವಕಾಶ ಕೊಟ್ಟ ಉದಾಹರಣೆಗಳುಂಟು. ಪ್ರೈಮರಿ ಆ ಬಾಗಿಲನ್ನು ಮುಚ್ಚಬಹುದು. ಕಟ್ಟಾ ಬೆಂಬಲಿಗರೇ ಹೆಚ್ಚಾಗಿ ಮತ ಹಾಕುವುದರಿಂದ ಸೌಮ್ಯರು ಮೂಲೆಗೆ ಸರಿಯುವ ಅಪಾಯಕ್ಕೆ ಡೆಲವೇರ್ ನಿದರ್ಶನ.

ಪರವಾಗಿರುವವರು ಹೇಳುವುದು ಬೇರೆ. ಈಗಿನ ಪದ್ಧತಿಯಲ್ಲಿ ‘ಗೆಲ್ಲುವ ಸಾಮರ್ಥ್ಯ’ ಎಂಬ ಒಂದೇ ಮಾತು ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ. ಅಪರಾಧ ಪ್ರಕರಣಗಳಿರುವವರಿಗೆ ಟಿಕೆಟ್ ಕೊಡುವಾಗ ಕಾರಣ ಪ್ರಕಟಿಸಬೇಕು, ಗೆಲ್ಲುವ ಸಾಮರ್ಥ್ಯವೊಂದನ್ನೇ ಕಾರಣವಾಗಿ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಉಳಿದ ಅಭ್ಯರ್ಥಿಗಳ ವಿಷಯದಲ್ಲಿ ಅಂತಹ ಕಾರಣವನ್ನೂ ಪಕ್ಷ ಕೊಡಬೇಕಾಗಿಲ್ಲ. ಗೆಲ್ಲುತ್ತಾರೆಂದು ತಂದವರು ಸೋತಾಗ, ಅವರನ್ನು ತಂದವರು ಯಾರೆಂದು ಕೇಳುವಂತೆಯೂ ಇಲ್ಲ.

ಅಭ್ಯರ್ಥಿಯನ್ನು ಒಪ್ಪದ ಪಕ್ಷನಿಷ್ಠ ಮತದಾರನ ಮುಂದೆ ಉಳಿಯುವ ದಾರಿಗಳು ನಾಲ್ಕೇ. ಮನಸ್ಸಿಲ್ಲದೆ ಚಿಹ್ನೆಗೆ ಮತ ಒತ್ತುವುದು, ಬಂಡಾಯಗಾರನ ಹಿಂದೆ ಹೋಗುವುದು, ‘ನೋಟಾ’ ಆರಿಸುವುದು, ಮನೆಯಲ್ಲೇ ಉಳಿಯುವುದು. ನಾಲ್ಕರಲ್ಲೂ ಆತ ಏನನ್ನೋ ಕಳೆದುಕೊಳ್ಳುತ್ತಾನೆ. ಕವಲಂದೆಯಂತಹ ಊರಿನಲ್ಲಿ ಪಕ್ಷದ ಚಿಹ್ನೆಯಿಲ್ಲದ ಗ್ರಾಮ ಪಂಚಾಯಿತಿ ಚುನಾವಣೆಗೆ ಮಾತ್ರ ಬಿ ಫಾರಂನ ಹಂಗಿಲ್ಲ. ಅಲ್ಲಿ ಯಾರು ನಿಲ್ಲಬೇಕೆಂಬುದನ್ನು ಊರೇ ಮಾತಾಡಿಕೊಳ್ಳುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೇರಿದರೆ ಆ ಮಾತಿಗೆ ಬೆಲೆ ಕೊಡುವುದು ಬಿಡುವುದು ವರಿಷ್ಠರ ಚಿತ್ತ. 2028ರ ವಿಧಾನಸಭಾ ಚುನಾವಣೆಗೂ ಕೊನೆಯ ದಿನದ ಮಧ್ಯಾಹ್ನ ಮೂರು ಗಂಟೆ ಬರುತ್ತದೆ. ಆ ಗಡುವಿನ ಮುನ್ನ ತಮ್ಮ ಮತದಾರರನ್ನು ಒಮ್ಮೆ ಕೇಳಿ, ಬಂದ ಉತ್ತರವನ್ನು ಬಹಿರಂಗಪಡಿಸಲು ಯಾವ ಕಾನೂನೂ ಪಕ್ಷಗಳನ್ನು ತಡೆಯುವುದಿಲ್ಲ.