ಸೊಲ್ಲಾಪುರದ ಮುಖ್ಯಮಂತ್ರಿ ಮತ್ತು ಅಲ್ಲಿನ ಕನ್ನಡಿಗರು

ಗಡಿನಾಡಿನ ಕನ್ನಡಿಗರಲ್ಲಿ ಬಹುಕಾಲದಿಂದ ಒಂದು ನಂಬಿಕೆಯಿದೆ. ನಮ್ಮ ನೆಲದಲ್ಲೇ ಹುಟ್ಟಿ ಬೆಳೆದ, ನಮ್ಮ ಕಷ್ಟ ಬಲ್ಲ ಒಬ್ಬರು ರಾಜ್ಯದ ಮುಖ್ಯಮಂತ್ರಿಯಾದರೆ ನಮ್ಮ ಶಾಲೆಗೂ ಭಾಷೆಗೂ ಒಂದು ದಾರಿ ಕಂಡೀತು ಎಂಬುದೇ ಆ ನಂಬಿಕೆ. ಇದನ್ನು ಒರೆಗೆ ಹಚ್ಚಿ ನೋಡಲು ಸೊಲ್ಲಾಪುರದ ಶ್ರೀ ಸುಶೀಲಕುಮಾರ ಶಿಂದೆಯವರ ರಾಜಕೀಯ ಜೀವನ ತಕ್ಕ ಉದಾಹರಣೆ.

ಸೊಲ್ಲಾಪುರ ನಮಗೆ ದೂರದ ಊರಾದರೂ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮರಾಠಿ, ಕನ್ನಡ, ತೆಲುಗು ಮೂರೂ ಅಲ್ಲಿನ ಪೇಟೆಯ ಮಾತುಗಳು. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೇರಿದ ಪ್ರಥಮ ಮಹಿಳೆ ಜಯದೇವಿತಾಯಿ ಲಿಗಾಡೆಯವರು ಆ ಊರಿನವರೇ. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಉತ್ತರದ ಕಾಸರಗೋಡು ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದಿತಷ್ಟೆ. ಅದೇ ವರದಿ ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಲವು ಗ್ರಾಮಗಳನ್ನೂ ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿತ್ತು. ವರದಿ ಜಾರಿಗೆ ಬರಲಿಲ್ಲ. ಅವರು ಮಹಾರಾಷ್ಟ್ರದಲ್ಲಿ ಉಳಿದರು, ನಾವು ಕೇರಳದಲ್ಲಿ ಉಳಿದೆವು.

ಜವಾನನ ಕೆಲಸದಿಂದ ಮಂತ್ರಿ ಪದವಿಗೆ

ಶಿಂದೆಯವರು ಹುಟ್ಟಿದ್ದು 1941ರ ಸೆಪ್ಟೆಂಬರ್ 4ರಂದು, ಸೊಲ್ಲಾಪುರದ ಬಡ ದಲಿತ ಕುಟುಂಬದಲ್ಲಿ. ಊರಿನ ನ್ಯಾಯಾಲಯದಲ್ಲಿ ಜವಾನರಾಗಿ ದುಡಿಯುತ್ತಲೇ ಓದಿದರು. ಅನಂತರ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆದರು. ಶ್ರೀ ಶರದ್ ಪವಾರರ ಪ್ರೇರಣೆಯಿಂದ ಆ ಕೆಲಸ ಬಿಟ್ಟು ಕಾಂಗ್ರೆಸ್ ಸೇರಿ, 1974ರಲ್ಲಿ ಸೊಲ್ಲಾಪುರ ಜಿಲ್ಲೆಯ ಕರಮಾಳಾ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆ ಪ್ರವೇಶಿಸಿದರು. ಜಯದೇವಿತಾಯಿಯವರು ಮಂಡ್ಯದ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದೂ ಅದೇ ವರ್ಷ. ಮುಂದೆ ಅರ್ಥಮಂತ್ರಿಯಾಗಿ ಶಿಂದೆಯವರು ಒಂಬತ್ತು ಬಾರಿ ರಾಜ್ಯದ ಮುಂಗಡಪತ್ರ ಮಂಡಿಸಿದರು. 1998 ಮತ್ತು 1999ರಲ್ಲಿ ಸೊಲ್ಲಾಪುರದಿಂದ ಲೋಕಸಭೆಗೆ ಆಯ್ಕೆಯಾದರು. 2002ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿ ಭೈರೋನ್ ಸಿಂಗ್ ಶೇಖಾವತ್ ಅವರೆದುರು ಸೋತರು.

2003ರ ಜನವರಿಯಲ್ಲಿ ವಿಲಾಸರಾವ್ ದೇಶಮುಖರ ಸ್ಥಾನಕ್ಕೆ ಶಿಂದೆಯವರು ಬಂದರು. ಮಹಾರಾಷ್ಟ್ರದ ಮೊದಲ ದಲಿತ ಮುಖ್ಯಮಂತ್ರಿ ಎಂಬ ಗೌರವ ಅವರದು. ಆಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಉಪಚುನಾವಣೆಗೆ ಅವರು ಆರಿಸಿಕೊಂಡದ್ದು ದಕ್ಷಿಣ ಸೊಲ್ಲಾಪುರ ಕ್ಷೇತ್ರವನ್ನು. ಅಂದರೆ ಮಹಾಜನರು ಯಾವ ಸೀಮೆಯ ಹಲವು ಗ್ರಾಮಗಳು ಕನ್ನಡನಾಡಿಗೆ ಸೇರಬೇಕೆಂದರೋ ಅದೇ ಸೀಮೆ ಮುಖ್ಯಮಂತ್ರಿಯ ಮತಕ್ಷೇತ್ರವಾಯಿತು. ಗಡಿನಾಡಿನ ಕನ್ನಡಿಗರ ಆಸೆ ಇದಕ್ಕಿಂತ ಹೆಚ್ಚು ಹೇಗೆ ಈಡೇರೀತು?

ಆದರೆ ನಡೆದದ್ದೇನು? 2004ರ ಮಾರ್ಚಿನಲ್ಲಿ, ಶಿಂದೆಯವರು ಮುಖ್ಯಮಂತ್ರಿಯಾಗಿದ್ದಾಗಲೇ, ಮಹಾರಾಷ್ಟ್ರ ಸರಕಾರ ಬೆಳಗಾವಿ ಮೊದಲಾದ ಪ್ರದೇಶಗಳಿಗಾಗಿ ಕರ್ನಾಟಕದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಇದನ್ನು ವ್ಯಕ್ತಿಯ ದೋಷವೆಂದು ಎಣಿಸುವುದು ಸರಿಯಲ್ಲ. ಗಡಿಯ ವಿಷಯದಲ್ಲಿ ಅಲ್ಲಿ ಎಲ್ಲ ಪಕ್ಷಗಳದ್ದೂ ಒಂದೇ ಸ್ವರ. ಆ ಪೀಠದಲ್ಲಿ ಯಾರು ಕುಳಿತರೂ ರಾಜ್ಯದ ಬಹುಮತದ ಮಾತನ್ನೇ ಆಡಬೇಕಾಗುತ್ತದೆ. ಕನ್ನಡ ಮನೆಗಳ ನಡುವಿನಿಂದ ಬಂದವರಿಗೂ ಬೇರೆ ದಾರಿಯಿರಲಿಲ್ಲ.

ದಿಲ್ಲಿಯಲ್ಲಿ

2004ರ ಚುನಾವಣೆಯಲ್ಲಿ ಮೈತ್ರಿಕೂಟ ಗೆದ್ದರೂ ಪೀಠ ಮತ್ತೆ ದೇಶಮುಖರಿಗೆ ಹೋಯಿತು. ಶಿಂದೆಯವರು ಆಂಧ್ರದ ರಾಜ್ಯಪಾಲರಾದರು. 2006ರಲ್ಲಿ ಕೇಂದ್ರದ ವಿದ್ಯುತ್ ಮಂತ್ರಿಯಾದರು. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಇಂದು 1320 ಮೆಗಾವಾಟ್ ಸಾಮರ್ಥ್ಯದ ಕೇಂದ್ರೋದ್ಯಮದ ಶಾಖೋತ್ಪನ್ನ ಸ್ಥಾವರವಿದೆ. ಊರಿನ ಮನುಷ್ಯ ದೊಡ್ಡವನಾದರೆ ಊರಿಗೆ ಇಂಥದು ಬರುತ್ತದೆ ಎಂಬುದೂ ನಿಜ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದ್ದಾಗಲೇ ಅವರಿಗೆ ಗೃಹಖಾತೆ ದೊರೆಯಿತು. 2014ರ ಫೆಬ್ರವರಿಯಲ್ಲಿ ತೆಲಂಗಾಣ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದವರು ಅವರೇ.

ಅದಾದ ಮೂರೇ ತಿಂಗಳಿಗೆ, ಗೃಹಮಂತ್ರಿಯಾಗಿದ್ದಾಗಲೇ, ಸ್ವಂತ ಊರಿನಲ್ಲಿ ಅವರು ಸುಮಾರು ಒಂದೂವರೆ ಲಕ್ಷ ಮತಗಳಿಂದ ಸೋತರು. 2019ರಲ್ಲಿ ಅವರನ್ನು 1.58 ಲಕ್ಷ ಮತಗಳಿಂದ ಸೋಲಿಸಿದವರು ಅಕ್ಕಲಕೋಟೆ ತಾಲೂಕಿನ ಗೌಡಗಾಂವ ಮಠದ ಜಯಸಿದ್ಧೇಶ್ವರ ಶಿವಾಚಾರ್ಯರು. 2024ರಲ್ಲಿ ಶಿಂದೆಯವರ ಪುತ್ರಿ ಶ್ರೀಮತಿ ಪ್ರಣಿತಿ ಶಿಂದೆ ಆ ಸ್ಥಾನವನ್ನು ಕಾಂಗ್ರೆಸ್ಸಿಗೆ ಮರಳಿ ತಂದರು. ಇಷ್ಟೆಲ್ಲ ಏರಿಳಿತಗಳಲ್ಲಿ ಪಕ್ಷ, ಜಾತಿ, ಮಠ, ನೀರು ಎಲ್ಲವೂ ಲೆಕ್ಕಕ್ಕೆ ಬಂದವು. ಭಾಷೆ ಮಾತ್ರ ಎಂದೂ ಚುನಾವಣೆಯ ವಿಷಯವಾಗಲಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರೆತ್ತಿದಾಗ ನಾಲ್ಕು ದಿನ ಗದ್ದಲವಾಗಿ ತಣ್ಣಗಾಯಿತು. 2004ರ ದಾವೆ ಇನ್ನೂ ತೀರ್ಮಾನವಾಗಿಲ್ಲ.

ನಮಗೇನು ಪಾಠ?

ನಮ್ಮ ಜಿಲ್ಲೆಗೂ ಈ ಅನುಭವ ಹೊಸದಲ್ಲ. 1971ರಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಸೋತಿದ್ದ ಇ. ಕೆ. ನಾಯನಾರರು 1987ರಲ್ಲಿ ಇದೇ ಜಿಲ್ಲೆಯ ತೃಕ್ಕರಿಪುರದಿಂದ ಗೆದ್ದು ಮುಖ್ಯಮಂತ್ರಿಯಾದರು. ಆದರೂ ಕನ್ನಡ ಬಲ್ಲ ಅಧ್ಯಾಪಕರಿಗಾಗಿ, ಕನ್ನಡ ಅರ್ಜಿ ನಮೂನೆಗಾಗಿ ನಾವು ಬೇಡಿಕೆ ಮುಂದಿಡುವುದು ತಪ್ಪಲಿಲ್ಲ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ. ಅದು ಯಾವ ಮುಖ್ಯಮಂತ್ರಿಯ ಕೃಪೆಯಲ್ಲ. ಅಕ್ಕಲಕೋಟೆಯ ಜಿಲ್ಲಾ ಪರಿಷತ್ ಕನ್ನಡ ಶಾಲೆಯಾಗಲಿ, ನಮ್ಮ ಮಂಜೇಶ್ವರದ ಶಾಲೆಯಾಗಲಿ, ಮಕ್ಕಳು ಬಂದರೆ ಮಾತ್ರ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಮಗುವನ್ನು ಕೈಹಿಡಿದು ಕನ್ನಡ ಶಾಲೆಗೆ ಸೇರಿಸುವ ತಂದೆತಾಯಿ ಮಾಡುವಷ್ಟು ಕೆಲಸವನ್ನು, ನಮ್ಮವರೇ ಆದ ಮುಖ್ಯಮಂತ್ರಿಯೂ ಮಾಡಲಾರರು.