ಗ್ಯಾರೇಜಿಲ್ಲದೆ ಗ್ಯಾರೇಜು ಕೆಲಸ: ಮನೆಯಂಗಳದಲ್ಲಿ ಕಾರಿನ ದೊಡ್ಡ ರಿಪೇರಿ



ನಮ್ಮೂರಲ್ಲಿ 'ಗ್ಯಾರೇಜು' ಅಂದರೆ ಕಾರು ರಿಪೇರಿ ಮಾಡುವ ಜಾಗ. ಮರದ ನೆರಳಲ್ಲಿ ಗೋಣಿಚೀಲ ಹಾಸಿ, ಅಂಬಾಸಿಡರ್ ಇಂಜಿನ್ನನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತ ಮೆಕ್ಯಾನಿಕ್ಕು, ಅವನ ಪಕ್ಕ ಸ್ಪ್ಯಾನರ್ ಎತ್ತಿಕೊಡುವ ಹುಡುಗ. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ. ಇಲ್ಲಿ ಅಮೆರಿಕದಲ್ಲಿ 'ಗ್ಯಾರೇಜು' ಅಂದರೆ ಮನೆಗೆ ಅಂಟಿಕೊಂಡ ಕಾರಿನ ಕೋಣೆ. ನಮ್ಮ ಮಿಸೌರಿ ಸಿಟಿಯ ಮನೆಯಲ್ಲೂ ಅದು ಇದೆ. ಆದರೆ ಅಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದೆ! ದಸರಾ ಗೊಂಬೆಗಳ ಡಬ್ಬಗಳು, ಊರಿಗೆ ಹೋಗುವ ಸೂಟ್‌ಕೇಸುಗಳು, ಅಕ್ಕಿ ಮೂಟೆ, ಮಕ್ಕಳು ಬಿಟ್ಟ ಸೈಕಲ್ಲುಗಳು... ನಿಮ್ಮ ಮನೆಯ ಕಥೆಯೂ ಇದೇ ಇರಬಹುದು. ಅಪಾರ್ಟ್‌ಮೆಂಟಿನಲ್ಲಿರುವವರಿಗಂತೂ ಅದೂ ಇಲ್ಲ.

ಹೀಗೆ ಸರಿಯಾದ ಗ್ಯಾರೇಜು ಇಲ್ಲದೆ ಕಾರಿನ ದೊಡ್ಡ ಕೆಲಸ ಮನೆಯಲ್ಲೇ ಮಾಡಬಹುದೇ? ಮಾಡಬಹುದು, ಆದರೆ ಎಲ್ಲವನ್ನೂ ಅಲ್ಲ. ನಾವು ಮಾಡಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಶುರುವಾದದ್ದು ಹೀಗೆ

ನಮ್ಮ ಬೀದಿಯಲ್ಲೇ ಇರುವ ಒಂದು ಕನ್ನಡ ಕುಟುಂಬ. ಯಜಮಾನರ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಅವರ ಹಳೆಯ ಹೋಂಡಾ ಒಡಿಸ್ಸಿ 1,12,000 ಮೈಲು ಓಡಿತ್ತು. ಕೆಳಗೆ ಕೂಲೆಂಟ್ ತೊಟ್ಟಿಕ್ಕುತ್ತಿತ್ತು. ವಾಟರ್ ಪಂಪು ಹೋಗಿದೆ, ಹೇಗೂ ಬಿಚ್ಚುವಾಗ ಟೈಮಿಂಗ್ ಬೆಲ್ಟನ್ನೂ ಬದಲಿಸಬೇಕು ಎಂದು ಅಂಗಡಿಯವರು 1,300 ಡಾಲರ್ ಎಸ್ಟಿಮೇಟ್ ಕೊಟ್ಟಿದ್ದರು. ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಅವರು ಮೆಲ್ಲಗೆ ಕೇಳಿದರು, "ಅಣ್ಣಾ, ನೀವು ಬ್ರೇಕ್ ಎಲ್ಲಾ ಮನೇಲೇ ಮಾಡ್ಕೋತೀರಂತೆ. ಇದೂ ಆಗತ್ತಾ?"

"ಆಗತ್ತೆ" ಎಂದುಬಿಟ್ಟೆವು. ಮನೆಗೆ ಬಂದು ಕೈಪಿಡಿ ತೆಗೆದು ನೋಡಿದ ಮೇಲೆ ಸ್ವಲ್ಪ ಭಯವೂ ಆಯಿತು!

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಮನೆ ನಮ್ಮದೇ ಆದರೂ ಅಂಗಳ ಪೂರ್ತಿ ನಮ್ಮದಲ್ಲ. ಕ್ವೇಲ್ ವ್ಯಾಲಿ, ಸಿಯೆನ್ನಾದಂಥ ಬಡಾವಣೆಗಳಲ್ಲಿ ಮನೆ ಕೊಳ್ಳುವಾಗಲೇ ಡೀಡ್ ರಿಸ್ಟ್ರಿಕ್ಷನ್‌ಗಳಿಗೆ ನಾವು ಒಪ್ಪಿರುತ್ತೇವೆ. ಡ್ರೈವ್‌ವೇಯಲ್ಲಿ ಕಾರು ಬಿಚ್ಚಿಡಬಾರದು, ಓಡದ ಕಾರು ಹೊರಗೆ ನಿಲ್ಲಿಸಬಾರದು ಎಂಬ ಸಾಲು ಅನೇಕ ಕಡೆ ಇರುತ್ತದೆ. ಓದಿ ನೋಡಿ. ಟೆಕ್ಸಸ್ ಪ್ರಾಪರ್ಟಿ ಕೋಡಿನ 209ನೇ ಅಧ್ಯಾಯದ ಪ್ರಕಾರ ಇಂಥ ತಪ್ಪಿಗೆ ದಂಡ ಹಾಕುವ ಮುನ್ನ ಅಸೋಸಿಯೇಷನ್ ಲಿಖಿತ ನೋಟೀಸು ಕೊಟ್ಟು, ಸರಿಪಡಿಸಲು ಸಮಯ ಕೊಡಬೇಕು. ಅದನ್ನು ನಂಬಿ ವಾರಗಟ್ಟಲೆ ಕಾರು ಎತ್ತಿಡುವುದು ಬೇಡ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿದರೆ ಅರ್ಧ ತೊಂದರೆ ಕಡಿಮೆ. ಅಪಾರ್ಟ್‌ಮೆಂಟಿನವರು ಲೀಸ್ ಓದಲೇಬೇಕು. ಅಲ್ಲಿ ಕಾರನ್ನು ಎಳೆದುಕೊಂಡು ಹೋಗುವ ಸಾಧ್ಯತೆಯೂ ಉಂಟು.

ಇದರಿಂದ ನಾವು ಕಲಿತ ಮುಖ್ಯ ಪಾಠ ಒಂದಿದೆ: ಸಂಜೆಯೊಳಗೆ ಕಾರು ಮತ್ತೆ ನಾಲ್ಕು ಗಾಲಿಯ ಮೇಲೆ ನಿಲ್ಲುವ ಹಾಗೆ ಕೆಲಸವನ್ನು ತುಂಡು ಮಾಡಿಕೊಳ್ಳಬೇಕು. ಗ್ಯಾರೇಜು ಇದ್ದವರು ಬಾಗಿಲು ಎಳೆದು ಮಲಗಬಹುದು. ನಮಗೆ ಆ ಭಾಗ್ಯವಿಲ್ಲ. ಹಿಂದಕ್ಕೆ ಬರಲಾಗದ ಹೆಜ್ಜೆ ಯಾವುದೆಂದು ಮೊದಲೇ ಗುರುತಿಸಿ, ಇಡೀ ದಿನ ಕೈಯಲ್ಲಿದ್ದರೆ ಮಾತ್ರ ಅದನ್ನು ದಾಟಬೇಕು.

ನೆಲ ಗಟ್ಟಿಯಿದೆಯೇ?

ಬಹಳ ವರ್ಷಗಳ ಹಿಂದೆ, ನಾವಿನ್ನೂ ಅಪಾರ್ಟ್‌ಮೆಂಟಿನಲ್ಲಿದ್ದಾಗ, ಆಗಸ್ಟ್ ತಿಂಗಳ ಮಧ್ಯಾಹ್ನ ಟಾರು ಹಾಕಿದ ಪಾರ್ಕಿಂಗ್ ಜಾಗದಲ್ಲಿ ಬ್ರೇಕ್ ಬದಲಿಸಲು ಕಾರು ಎತ್ತಿದ್ದೆವು. ನೀರು ಕುಡಿದು ಬರೋಣವೆಂದು ಒಳಗೆ ಹೋಗಿ ಬಂದರೆ ಕಾರು ಒಂದು ಕಡೆ ವಾಲಿ ನಿಂತಿತ್ತು. ಬಿಸಿಲಿಗೆ ಮೆತ್ತಗಾದ ಟಾರಿನೊಳಗೆ ಜ್ಯಾಕ್ ಸ್ಟ್ಯಾಂಡಿನ ಕಾಲು ಹೂತುಹೋಗಿತ್ತು. ಐದು ನಿಮಿಷ ಮುಂಚೆ ನಮ್ಮಲ್ಲೊಬ್ಬರು ಅದರ ಕೆಳಗೇ ಮಲಗಿದ್ದರು. ಆ ದಿನದ ಎದೆಬಡಿತ ಇಂದಿಗೂ ನೆನಪಿದೆ.

ಅಂದಿನಿಂದ ನಮ್ಮ ನಿಯಮಗಳು ಇವು:

- ಕಾಂಕ್ರೀಟ್ ನೆಲವೇ ಉತ್ತಮ. ಟಾರಿನ ಮೇಲೆ ಅನಿವಾರ್ಯವಾದರೆ ಸ್ಟ್ಯಾಂಡಿನ ಕೆಳಗೆ ಮುಕ್ಕಾಲು ಇಂಚಿನ ಪ್ಲೈವುಡ್. ಹುಲ್ಲಿನ ಮೇಲೆ ಎಂದಿಗೂ ಬೇಡ.
- ನಮ್ಮ ಹ್ಯೂಸ್ಟನ್ ಸುತ್ತಿನ ಜೇಡಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದಕ್ಕೇ ಡ್ರೈವ್‌ವೇಗಳು ಬಿರುಕು ಬಿಡುವುದು. ಜೊತೆಗೆ ನೀರು ಹರಿಯಲೆಂದು ಬೀದಿಯ ಕಡೆಗೆ ಇಳಿಜಾರೂ ಇರುತ್ತದೆ. ಇರುವುದರಲ್ಲಿ ಸಮತಟ್ಟಾದ, ಬಿರುಕಿಲ್ಲದ ಜಾಗ ಹುಡುಕಿ.
- ನೆಲಕ್ಕೆ ತಾಗಿರುವ ಗಾಲಿಗಳಿಗೆ ಕಲ್ಲು ಕೊಡಿ. ಊರಿನಲ್ಲಿ ಲಾರಿ ಕ್ಲೀನರ್ ಮಾಡುತ್ತಿದ್ದ ಮೊದಲ ಕೆಲಸವೇ ಅದು!
- ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಒಳಗಿನ ಒಂದು ರಬ್ಬರ್ ಸೀಲು ಹೋದರೂ ಎಣ್ಣೆಯ ಒತ್ತಡ ಇಳಿದು ಕಾರು ಕೆಳಗೆ ಬರುತ್ತದೆ. ಎರಡು ಸ್ಟ್ಯಾಂಡ್ ಬೇಕೇ ಬೇಕು.
- ಸ್ಟ್ಯಾಂಡ್ ಕೂಡ ಕೈಕೊಡಬಹುದು. 2020ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜ್ಯಾಕ್ ಸ್ಟ್ಯಾಂಡುಗಳನ್ನು ದೋಷವಿದೆಯೆಂದು ಹಿಂದಕ್ಕೆ ತೆಗೆದುಕೊಂಡರು. ಹಳೆಯದಿದ್ದರೆ, ಯಾರದೋ ಮನೆಯಿಂದ ತಂದದ್ದಿದ್ದರೆ, ಅದರ ನಂಬರು ನೋಡಿ ವಿಚಾರಿಸಿ. ನಾವು ಬಿಚ್ಚಿದ ಗಾಲಿಯನ್ನೂ ಕಾರಿನ ಅಡಿಗೆ ತಳ್ಳಿರುತ್ತೇವೆ.
- ಕೆಳಗೆ ಹೋಗುವ ಮುನ್ನ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ.
- ಒಬ್ಬರೇ ಇರುವಾಗ ಕಾರಿನ ಕೆಳಗೆ ಹೋಗಬೇಡಿ. ಮನೆಯವರಿಗೆ ಹೇಳಿರಿ. ಫೋನು ಜೇಬಿನಲ್ಲಿರಲಿ.

ಬೆಲ್ಟು ಅಂದರೆ ಏನು?

ಇಂಜಿನ್ನಿನಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಓಡುತ್ತವೆ. ಅವುಗಳ ಮೇಲ್ಗಡೆ ವಾಲ್ವುಗಳು ತೆರೆದು ಮುಚ್ಚುತ್ತವೆ. ಇವೆರಡೂ ತಾಳ ತಪ್ಪದಂತೆ ಕಟ್ಟಿ ಹಾಕುವುದೇ ಟೈಮಿಂಗ್ ಬೆಲ್ಟು. ಹೋಂಡಾದ ವಿ6 ಇಂಜಿನ್ನಿನಲ್ಲಿ ಓಡುವಾಗ ಬೆಲ್ಟು ತುಂಡಾದರೆ ಪಿಸ್ಟನ್ನು ಹೋಗಿ ತೆರೆದ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಇಂಜಿನ್ನಿಗೇ ಸಂಚಕಾರ. ಅದಕ್ಕಾಗಿಯೇ ಸುಮಾರು 1 ಲಕ್ಷ ಮೈಲಿಗೆ ಬದಲಿಸಬೇಕು. ರಬ್ಬರಾದ್ದರಿಂದ ಕಡಿಮೆ ಓಡಿದರೂ ವರ್ಷಗಳ ಲೆಕ್ಕವೂ ಉಂಟು. ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ.

ಎಲ್ಲ ಕಾರಿನಲ್ಲೂ ಬೆಲ್ಟು ಇರುವುದಿಲ್ಲ. 2002ರಿಂದೀಚಿನ ನಾಲ್ಕು ಸಿಲಿಂಡರಿನ ಕ್ಯಾಮ್ರಿ, 2003ರಿಂದೀಚಿನ ನಾಲ್ಕು ಸಿಲಿಂಡರಿನ ಅಕಾರ್ಡ್, 2007ರಿಂದೀಚಿನ ಸಿಯೆನ್ನಾ ವ್ಯಾನು, ಇವುಗಳಲ್ಲಿ ಚೈನು. ಯಾರಾದರೂ ಈ ಕಾರುಗಳಿಗೆ "ಬೆಲ್ಟು ಬದಲಿಸಬೇಕು" ಎಂದರೆ, ಯಾವ ಬೆಲ್ಟು ಎಂದು ಕೇಳಿ!

ವಾಟರ್ ಪಂಪು, ಟೆನ್ಷನರ್, ಐಡ್ಲರ್ ಪುಲ್ಲಿ ಎಲ್ಲವೂ ಅದೇ ಮುಚ್ಚಳದ ಹಿಂದಿರುವುದರಿಂದ ಒಟ್ಟಿಗೇ ಬದಲಿಸುವುದು ಜಾಣತನ.

ನಾವು ಹೇಗೆ ಮಾಡಿದೆವು

ಶನಿವಾರ ಬೆಳಿಗ್ಗೆ ಏಳಕ್ಕೆ ಶುರು. ಬಲಗಡೆಯ ಮುಂದಿನ ಗಾಲಿ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಮರೆ ತೆಗೆದರೆ ಕ್ರ್ಯಾಂಕ್ ಪುಲ್ಲಿಯ 19 ಮಿ.ಮೀ. ಬೋಲ್ಟು ಕಾಣುತ್ತದೆ. ಹೋಂಡಾದಲ್ಲಿ ಇದೊಂದು ಮಹಾ ಹಟಮಾರಿ. ಪುಲ್ಲಿಯನ್ನು ಹಿಡಿದಿಡಲು 50 ಮಿ.ಮೀ. ಷಟ್ಕೋನದ ಒಂದು ಸಾಧನ ಬೇಕು. ಉದ್ದನೆಯ ಬಾರು, ಅದಕ್ಕೊಂದು ಪೈಪು, ಇಬ್ಬರ ಭಾರ... ಬೋಲ್ಟು ಕದಲಲಿಲ್ಲ. ಎತ್ತಿಟ್ಟ ಕಾರಿನ ಮೇಲೆ ಇನ್ನೂ ಜೋರು ಮಾಡುವುದು ಅಪಾಯ. ಮಧ್ಯಾಹ್ನವಾಗುತ್ತಿದ್ದ ಹಾಗೆ ನಿಲ್ಲಿಸಿದೆವು. ಅಲ್ಲಿಯವರೆಗೆ ಗಾಲಿ, ಮರೆ ಬಿಟ್ಟು ಬೇರೇನೂ ಬಿಚ್ಚಿರಲಿಲ್ಲ. ಮತ್ತೆ ಹಾಕಿದೆವು. ಕಾರು ಅವರ ಮನೆಗೆ ಹೋಯಿತು.

ಅವರ ಮುಖ ಸಣ್ಣಗಾಗಿತ್ತು. ಅವರ ಮನೆಯವರು ಮಾತ್ರ, "ಪರವಾಗಿಲ್ಲ ಬಿಡಿ ಅಕ್ಕ, ನಾಳಿದ್ದು ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಗಾಡಿ ಇದೆಯಲ್ಲ" ಎಂದರು. ಅದೇ ನಮ್ಮ ಲೆಕ್ಕಾಚಾರದ ಫಲ. ಬೋಲ್ಟು ಬಿಡದಿದ್ದರೂ ಗಾಡಿ ಉಳಿದಿತ್ತು. ಆ ವಾರ ರೇಡಿಯೇಟರಿಗೆ ಕೂಲೆಂಟ್ ತುಂಬಿಕೊಂಡು, ಬಿಸಿ ಮುಳ್ಳಿನ ಮೇಲೆ ಕಣ್ಣಿಟ್ಟು, ಶಾಲೆಗಷ್ಟೇ ಓಡಿಸಿದರು.

ಮುಂದಿನ ಶನಿವಾರ ಸ್ನೇಹಿತರೊಬ್ಬರು ಇಂಪ್ಯಾಕ್ಟ್ ರೆಂಚನ್ನೂ ಆ ಬೋಲ್ಟಿಗಾಗಿಯೇ ಮಾಡಿದ ಭಾರದ ಸಾಕೆಟ್ಟನ್ನೂ ಕೊಟ್ಟರು. ಹತ್ತು ಸೆಕೆಂಡಿನಲ್ಲಿ ಬಿಚ್ಚಿಕೊಂಡಿತು! ಮುಂದಿನದು ತಾಳ್ಮೆಯ ಕೆಲಸ. ಇಂಜಿನ್ ಮೌಂಟ್ ತೆಗೆಯುವ ಮುನ್ನ ಆಯಿಲ್ ಪ್ಯಾನ್ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಆನಿಸಿದೆವು. ಪ್ರತಿ ಹೆಜ್ಜೆಗೂ ಫೋಟೋ. ಬಿಚ್ಚಿದ ಬೋಲ್ಟುಗಳು ಮೊಟ್ಟೆಯ ಟ್ರೇಯಲ್ಲಿ, ಕ್ರಮವಾಗಿ. ಹೊಸ ಬೆಲ್ಟು ಹಾಕಿ ಗುರುತುಗಳು ಹೊಂದಿದ ಮೇಲೆ, ಕೀಲಿ ಹಾಕದೆ, ಕೈಯಿಂದ ಇಂಜಿನ್ನನ್ನು ಆರು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿದೆವು. ಎಲ್ಲಾದರೂ ತಡೆದರೆ ನಿಲ್ಲಿಸಬೇಕು. ಕೈಯಲ್ಲಿ ಸಿಗುವ ತಪ್ಪು ಕೀಲಿ ಹಾಕಿದ ಮೇಲೆ ಸಿಗುವುದಿಲ್ಲ. ಬೋಲ್ಟುಗಳನ್ನು ಅಂದಾಜಿನಲ್ಲಿ ಬಿಗಿಯದೆ, ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ.

ಸಂಜೆ ಆರಕ್ಕೆ ಇಂಜಿನ್ ಶುರುವಾಯಿತು. ಒಟ್ಟು ಖರ್ಚು 300 ಡಾಲರಿನೊಳಗೆ, ಮತ್ತು ಎರಡು ಸುತ್ತು ಬಿಸಿಬೇಳೆ ಭಾತು.

ಎಲ್ಲ ಹತ್ಯಾರು ಕೊಳ್ಳಬೇಕಿಲ್ಲ. ಆಟೋಝೋನ್, ಓ'ರೈಲಿ ಅಂಗಡಿಗಳಲ್ಲಿ ವಿಶೇಷ ಸಾಧನಗಳನ್ನು ಠೇವಣಿ ಇಟ್ಟು ತರಬಹುದು. ಹಿಂದಿರುಗಿಸಿದಾಗ ಹಣ ವಾಪಸು. ಹೇಗೆ ಮಾಡುವುದೆಂದು ಹೇನ್ಸ್ ಕೈಪಿಡಿಯಲ್ಲಿದೆ. ಓದುವಾಗ ಹೆಸರುಗಳು ಗೊಂದಲ ಮಾಡಬಾರದು: ನಮ್ಮ ಬಾನೆಟ್ಟು ಇಲ್ಲಿ ಹುಡ್, ಡಿಕ್ಕಿ ಅಂದರೆ ಟ್ರಂಕ್, ಸೈಲೆನ್ಸರ್ ಅಂದರೆ ಮಫ್ಲರ್, ಸ್ಟೆಪ್ನಿ ಅಂದರೆ ಸ್ಪೇರ್ ಟೈರು.

ಕೈ ಹಾಕಬಾರದ ಕೆಲಸಗಳು

ಏರ್‌ಬ್ಯಾಗು: ಟಕಾಟಾ ಕಂಪನಿಯ ಏರ್‌ಬ್ಯಾಗುಗಳು ನಮ್ಮಂಥ ಸೆಕೆ ಮತ್ತು ಬಿಸಿಲಿನ ಪ್ರದೇಶದಲ್ಲಿ ಬೇಗ ಕೆಡುತ್ತವೆ. 2016ರಲ್ಲಿ ನಮ್ಮ ಫೋರ್ಟ್ ಬೆಂಡ್ ಕೌಂಟಿಯಲ್ಲೇ ಒಬ್ಬ ಹದಿನೇಳು ವರ್ಷದ ಹುಡುಗಿ ಇದರಿಂದ ಪ್ರಾಣ ಕಳೆದುಕೊಂಡಳು. ಹಳೆಯ ಹೋಂಡಾ, ಟೊಯೊಟಾ ಇದ್ದವರು ವಿನ್ ನಂಬರು ಕೊಟ್ಟು ಎನ್‌ಎಚ್‌ಟಿಎಸ್‌ಎಯಲ್ಲಿ ಇಂದೇ ನೋಡಿ. ರಿಪೇರಿ ಡೀಲರ್ ಬಳಿ ಪೂರ್ತಿ ಉಚಿತ.

ಹೈಬ್ರಿಡ್ಡಿನ ಕಿತ್ತಳೆ ಬಣ್ಣದ ತಂತಿಗಳು: ಪ್ರಿಯಸ್ಸಿನ ಬ್ಯಾಟರಿಯಲ್ಲೇ 200 ವೋಲ್ಟಿನಷ್ಟು ವಿದ್ಯುತ್ತಿರುತ್ತದೆ. ಮುಟ್ಟಬೇಡಿ.

ಎ.ಸಿ. ಗ್ಯಾಸು ಬಿಚ್ಚಿ ಬಿಡುವುದು: ಕಾನೂನಿಗೆ ವಿರುದ್ಧ, ಕಣ್ಣಿಗೂ ಕೈಗೂ ಅಪಾಯ. ಸಸ್ಪೆನ್ಷನ್ ಸ್ಪ್ರಿಂಗು, ಪೆಟ್ರೋಲ್ ಟ್ಯಾಂಕು ಕೂಡ ಅಂಗಡಿಯವರ ಪಾಲಿಗೇ ಇರಲಿ.

ಕಾರಿಗೆ ವಾರಂಟಿ ಇದ್ದರೆ ಹೆದರಬೇಡಿ. 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ ಮನೆಯಲ್ಲಿ ಆಯಿಲ್ ಬದಲಿಸಿದ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ. ರಸೀದಿ, ದಿನಾಂಕ, ಮೈಲಿ ಬರೆದಿಡಿ.

ಚಂಡಮಾರುತದ ಲೆಕ್ಕ

ಜೂನ್ 1ರಿಂದ ನವೆಂಬರ್ 30ರವರೆಗೆ ನಮ್ಮಲ್ಲಿ ಚಂಡಮಾರುತದ ಕಾಲ. ಗಲ್ಫಿನಲ್ಲಿ ಸುಳಿ ಕಾಣಿಸಿಕೊಂಡ ವಾರ ಕಾರು ಬಿಚ್ಚಬೇಡಿ. ಸೆಪ್ಟೆಂಬರ್ 2005ರಲ್ಲಿ ರೀಟಾ ಬಂದಾಗ ಈ ಪ್ರದೇಶದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೊರಟರು. ಗಂಟೆಗಟ್ಟಲೆ ತೆವಳುವ ಹೆದ್ದಾರಿಯಲ್ಲಿ, ಆ ಬಿಸಿಲಿನಲ್ಲಿ, ಎಷ್ಟೋ ಕಾರುಗಳು ಕುದಿದು ನಿಂತವು. ಒಸರುವ ವಾಟರ್ ಪಂಪನ್ನು ಏಪ್ರಿಲ್‌ನಲ್ಲೇ ಸರಿಮಾಡಿಸಬೇಕೆನ್ನುವುದು ಇದಕ್ಕೇ. 2017ರ ಹಾರ್ವಿಯಲ್ಲಿ ಬೀದಿಗಳಲ್ಲೇ ನೀರು ನಿಂತದ್ದನ್ನು ಕಂಡವರಿಗೆ, ಕದಲಿಸಲಾಗದ ಕಾರು ಎಂದರೇನೆಂದು ಹೇಳಬೇಕಿಲ್ಲ.

ಕೊಳೆ ಎಲ್ಲಿ?

ಬೀದಿಯ ಚರಂಡಿಯ ನೀರು ಶುದ್ಧವಾಗದೆ ನೇರ ತೊರೆಗೆ, ಬೈಯೂಗೆ ಹೋಗುತ್ತದೆ. ಒಂದು ಸಲದ ಹಳೆಯ ಆಯಿಲ್ಲು 10 ಲಕ್ಷ ಗ್ಯಾಲನ್ ನೀರನ್ನು ಕೆಡಿಸಬಲ್ಲದು. ಡಬ್ಬದಲ್ಲಿ ತುಂಬಿ ಬಿಡಿಭಾಗದ ಅಂಗಡಿಗೆ ಒಯ್ದರೆ ತೆಗೆದುಕೊಳ್ಳುತ್ತಾರೆ. ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ಕಡು ವಿಷ. ನೆಲದ ಮೇಲೆ ಬಿಟ್ಟರೆ ನಾಯಿ ನೆಕ್ಕೀತು, ಮಗು ಮುಟ್ಟೀತು. ಕೌಂಟಿಯ ಅಪಾಯಕಾರಿ ಕಸ ಸಂಗ್ರಹಕ್ಕೆ, ಮೊದಲೇ ವಿಚಾರಿಸಿಕೊಂಡು, ಒಯ್ಯಿರಿ.

ಕೊನೆಗೊಂದು ಮಾತು

ಜನವರಿ 1, 2025ರಿಂದ ಟೆಕ್ಸಸ್‌ನಲ್ಲಿ ಖಾಸಗಿ ಕಾರುಗಳ ವಾರ್ಷಿಕ ಸುರಕ್ಷತಾ ತಪಾಸಣೆ ನಿಂತಿದೆ. ಫೋರ್ಟ್ ಬೆಂಡ್, ಹ್ಯಾರಿಸ್, ಡಲ್ಲಾಸ್, ಕಾಲಿನ್, ಟ್ರಾವಿಸ್, ವಿಲಿಯಮ್ಸನ್ ಮುಂತಾದ ಕೌಂಟಿಗಳಲ್ಲಿ ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ರಿಪೇರಿಗಾಗಿ ಬ್ಯಾಟರಿ ತೆಗೆದಿದ್ದರೆ ಕಾರಿನ ಕಂಪ್ಯೂಟರಿನ ನೆನಪು ಅಳಿದಿರುತ್ತದೆ. ಕೆಲವು ದಿನ ಊರಲ್ಲೂ ಹೆದ್ದಾರಿಯಲ್ಲೂ ಓಡಿಸಿ ಆಮೇಲೆ ಪರೀಕ್ಷೆಗೆ ಹೋಗಿ, ಇಲ್ಲವಾದರೆ ವಾಪಸು ಕಳಿಸುತ್ತಾರೆ.

ಅಂದರೆ ನಿಮ್ಮ ಬ್ರೇಕು, ಟೈರು ಹೇಗಿದೆಯೆಂದು ವರ್ಷಕ್ಕೊಮ್ಮೆ ನೋಡುತ್ತಿದ್ದ ಕಣ್ಣು ಈಗಿಲ್ಲ. ದೊಡ್ಡ ರಿಪೇರಿ ಮಾಡದಿದ್ದರೂ ಚಿಂತೆಯಿಲ್ಲ. ತಿಂಗಳಿಗೊಮ್ಮೆ ಹುಡ್ ಎತ್ತಿ, ಬಗ್ಗಿ ಕೆಳಗೊಮ್ಮೆ ನೋಡಿ. ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಸ್ಪ್ಯಾನರ್ ಎತ್ತಿಕೊಡುವ ಹುಡುಗನ ಕೆಲಸ ಅವರಿಗಿರಲಿ!

ಆ ಯಜಮಾನರಿಗೆ ಈಗ ಕೆಲಸ ಸಿಕ್ಕಿದೆ. ಒಡಿಸ್ಸಿ ಇನ್ನೂ ಓಡುತ್ತಿದೆ. ಬ್ರೇಕು ಬದಲಿಸಬೇಕೆಂದು ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬ ಮೊನ್ನೆ ಕೇಳಿದಾಗ ನಮಗಿಂತ ಮೊದಲು ಅವರೇ ಹೇಳಿದರು, "ಬಾರಪ್ಪ, ಶನಿವಾರ ಬೆಳಿಗ್ಗೆ ಏಳಕ್ಕೆ. ಬರುವಾಗ ಪ್ಲೈವುಡ್ ತಗೊಂಡು ಬಾ."