ಬ್ಯಾಟರಿಯ ಲೆಕ್ಕ ತಪ್ಪುವುದೇಕೆ?

ಲ್ಯಾಪ್‌ಟಾಪಿನ ತೆರೆಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರವನ್ನೂ ಅದರ ಪಕ್ಕದಲ್ಲಿ ಶೇಕಡಾ ಅಂಕಿಯನ್ನೂ ವಾಚಕರು ನೋಡಿರುತ್ತಾರೆ. ಆ ಅಂಕಿ ಇನ್ನೂ 25 ಎಂದು ತೋರುತ್ತಿರುವಾಗಲೇ ಯಂತ್ರವು ಥಟ್ಟನೆ ನಿಂತುಹೋಗುವುದುಂಟು. ಬರೆಯುತ್ತಿದ್ದ ಪ್ರಬಂಧವನ್ನು ಉಳಿಸಿಟ್ಟಿರದಿದ್ದರೆ ಅದೂ ಹೋದಂತೆಯೇ. ಬ್ಯಾಟರಿ ಕೆಟ್ಟಿತೆಂದು ಕೂಡಲೆ ಹೊಸದನ್ನು ಕೊಳ್ಳುವವರಿದ್ದಾರೆ. ಆದರೆ ಕೆಟ್ಟಿರುವುದು ಬ್ಯಾಟರಿಯೋ ಅದರ ಲೆಕ್ಕವೋ ಎಂಬುದನ್ನು ಮೊದಲು ವಿಚಾರಮಾಡಬೇಕು.

ಕೊಡದಲ್ಲಿ ಉಳಿದಿರುವ ನೀರನ್ನು ಇಣುಕಿ ನೋಡಬಹುದು. ಬ್ಯಾಟರಿಯಲ್ಲಿ ಉಳಿದಿರುವ ವಿದ್ಯುದಾವೇಶವನ್ನು ಹಾಗೆ ನೋಡಲಾಗದು. ವೋಲ್ಟೇಜಿನಿಂದ ಊಹಿಸಬಹುದಲ್ಲವೆ? ಲಿಥಿಯಮ್-ಅಯಾನ್ ಕೋಶವು ತುಂಬಿದಾಗ ಸಾಮಾನ್ಯವಾಗಿ ಸುಮಾರು 4.2 ವೋಲ್ಟನ್ನೂ ಬರಿದಾದಾಗ ಸುಮಾರು 3 ವೋಲ್ಟನ್ನೂ ತೋರುವುದು ನಿಜ. ಆದರೆ ನಡುವಣ ಬಹುಭಾಗದಲ್ಲಿ ವೋಲ್ಟೇಜು 3.7ರ ಆಸುಪಾಸಿನಲ್ಲಿ ಬಹು ನಿಧಾನವಾಗಿ ಇಳಿಯುತ್ತದೆ. ಎರಡು ತುದಿಗಳಲ್ಲಿ ಮಾತ್ರ ಅದು ಖಚಿತವಾದ ಗುರುತಾಗಬಲ್ಲದು.

ಆದುದರಿಂದ ಬ್ಯಾಟರಿಯ ಜೊತೆಗಿರುವ ಪುಟ್ಟ ವಿದ್ಯುನ್ಮಂಡಲವೊಂದು ಒಳಬಂದ ಹಾಗೂ ಹೊರಹೋದ ಆವೇಶವನ್ನು ಎಣಿಸುತ್ತದೆ. ಪ್ರವಾಹವು ಅತ್ಯಲ್ಪವಾದ ರೋಧವೊಂದರ ಮೂಲಕ ಹಾಯುತ್ತದೆ. ರೋಧ 0.01 ಓಮ್, ಪ್ರವಾಹ 1 ಆಂಪಿಯರ್ ಆದರೆ, ಓಮನ ನಿಯಮದಂತೆ ರೋಧದ ತುದಿಗಳ ನಡುವೆ 0.01 ವೋಲ್ಟ್ ಇರುತ್ತದೆ. ಇದನ್ನಳೆದರೆ ಪ್ರವಾಹ ತಿಳಿಯಿತು. ಅದನ್ನು ಕಾಲದಿಂದ ಗುಣಿಸಿದರೆ ಆವೇಶ ತಿಳಿಯಿತು.

ಇದು ಕಣಜದೊಳಕ್ಕೆ ಇಣುಕದೆ, ಹಾಕಿದ ಮತ್ತು ತೆಗೆದ ಕೊಳಗಗಳನ್ನು ಮಾತ್ರ ಬರೆದಿಡುವ ಶಾನುಭೋಗನ ಲೆಕ್ಕದಂತೆ. ಇಲಿ ತಿಂದ ಕಾಳು ಕಡತಕ್ಕೆ ಸೇರದು. ಎಣಿಕೆಯಲ್ಲಿ ಕೇವಲ 1 ಮಿಲಿಆಂಪಿಯರ್ ದೋಷವಿದ್ದರೂ 500 ಗಂಟೆಗಳಲ್ಲಿ ಅದು 500 ಮಿಲಿಆಂಪಿಯರ್-ಗಂಟೆಯಾಗಿ ಬೆಳೆಯುತ್ತದೆ. ಮೇಲಾಗಿ ವಯಸ್ಸಾದಂತೆ ಬ್ಯಾಟರಿಯೆಂಬ ಕಣಜವೇ ಕಿರಿದಾಗುತ್ತದೆ. 4,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಈಗ 3,000ವನ್ನು ಮಾತ್ರ ಹಿಡಿಯಬಲ್ಲುದೆನ್ನಿ. ಮಾಪಕವು ಹಳೆಯ ಸಂಖ್ಯೆಯನ್ನೇ ನಂಬಿದ್ದರೆ, 3,000 ಖರ್ಚಾದಾಗ ಇನ್ನೂ ಕಾಲುಭಾಗ ಉಳಿದಿದೆ ಎನ್ನುತ್ತದೆ. ಆಗಲೇ ಯಂತ್ರ ನಿಲ್ಲುವುದು!

ಈ ಲೆಕ್ಕವನ್ನು ತಿದ್ದುವ ಕ್ರಿಯೆಗೆ ಕ್ಯಾಲಿಬ್ರೇಷನ್ ಎಂದು ಹೆಸರು. ಮೊದಲು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಒಂದೆರಡು ಗಂಟೆ ತಣಿಯಲು ಬಿಡಬೇಕು. ಬಳಿಕ ಕೆಲಸವನ್ನೆಲ್ಲ ಉಳಿಸಿಟ್ಟು, ಚಾರ್ಜರನ್ನು ತೆಗೆದು, ಯಂತ್ರವು ತಾನಾಗಿ ನಿಲ್ಲುವವರೆಗೆ ನಡೆಸಬೇಕು. ಅನಂತರ ತಡೆಯಿಲ್ಲದೆ ಮತ್ತೆ ಪೂರ್ತಿ ತುಂಬಿಸಬೇಕು. ಹೀಗೆ ಎರಡು ತುದಿಗಳೂ ದೊರೆತಾಗ, ಅವುಗಳ ನಡುವೆ ಹಾದ ಆವೇಶವೇ ಇಂದಿನ ನಿಜವಾದ ಧಾರಣಶಕ್ತಿಯೆಂದು ಮಾಪಕವು ಅರಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇದರಿಂದ ಬ್ಯಾಟರಿಗೆ ಕಳೆದ ಬಲ ಮರಳಿ ಬರುವುದಿಲ್ಲ. ಹಿಂದಿನ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಗಳಿಗೆ ಆಗಾಗ ಪೂರ್ತಿ ಬರಿದುಮಾಡುವ ಉಪಚಾರ ನಡೆಯುತ್ತಿತ್ತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್-ಅಯಾನ್ ಬ್ಯಾಟರಿಗೆ ಅದು ಹಿತವಲ್ಲ. ಪದೇ ಪದೇ ತಳದವರೆಗೆ ಬರಿದಾದರೆ ಅದು ಬೇಗ ಸವೆಯುತ್ತದೆ. ಹೊಸ ಯಂತ್ರಗಳ ಪೈಕಿ ಹಲವು ತಮ್ಮ ಲೆಕ್ಕವನ್ನು ತಾವೇ ತಿದ್ದಿಕೊಳ್ಳುತ್ತವೆ. ಆದ್ದರಿಂದ ಅಂಕಿ ಹಠಾತ್ತನೆ ಜಿಗಿಯುತ್ತಿದ್ದರೆ ಅಥವಾ ಯಂತ್ರ ಅಕಾಲದಲ್ಲಿ ನಿಲ್ಲುತ್ತಿದ್ದರೆ ಮಾತ್ರ ಈ ಕ್ರಮವನ್ನು ಅನುಸರಿಸಿದರೆ ಸಾಕು. ಲೆಕ್ಕ ಸರಿಯಾದ ಮೇಲೂ ಬ್ಯಾಟರಿ ಅರ್ಧ ಗಂಟೆಯಲ್ಲೇ ಬರಿದಾಗುತ್ತಿದ್ದರೆ, ಹೊಸದನ್ನು ಕೊಳ್ಳುವ ಕಾಲ ಬಂದಿತೆಂದು ತಿಳಿಯಬಹುದು.